ಕಾಂಬೋಜಿಗೆ ಹೊದಿಸಿದ ಶಾಲು

ಡಿಸೆಂಬರ್ ಬಂತೆಂದರೆ ನಮ್ಮ ಮೊಬೈಲುಗಳಿಗೆ ಅದೇನೋ ಸಿಂಹಾವಲೋಕನದ ಚಟ ಹತ್ತಿಕೊಳ್ಳುತ್ತದೆ. ವರ್ಷವಿಡೀ ನಾನು ಏನೇನು ಕೇಳಿದೆನೆಂಬ ವರದಿಯನ್ನು ಬಣ್ಣಬಣ್ಣದ ಅಕ್ಷರಗಳಲ್ಲಿ ನನಗೇ ಒಪ್ಪಿಸಿ, ಅಪ್ಪಟ ಸಂಗೀತಪ್ರೇಮಿಯೆಂದು ಬೆನ್ನು ತಟ್ಟುತ್ತವೆ. ಈ ಸಲದ ತೀರ್ಪಿನ ಪ್ರಕಾರ ನನ್ನ ಪರಮಪ್ರಿಯ ವಾದ್ಯ ನಾದಸ್ವರ. ಬೆಳಿಗ್ಗೆ ನಾನು ಗಡ್ಡ ಹೆರೆಯುವಾಗ ಅದು ತನ್ನ ಪಾಡಿಗೆ ಮೊಳಗುತ್ತಿರುತ್ತದೆಂಬ ಸತ್ಯ ಆ ಯಂತ್ರಕ್ಕೇನು ಗೊತ್ತು? ನನ್ನ ನಿಜವಾದ ವರದಿ ಬೇರೆಯೇ ಇದೆ, ಓದುಗ ಮಹಾಶಯರೇ. ಅದರಲ್ಲಿ ಕೇಳಿದ್ದಕ್ಕಿಂತ ಕೇಳಲು ಬಿಡದೇ ಹೋದದ್ದೇ ಹೆಚ್ಚು. ಬರೆಯಲು ಕುಳಿತರೆ ಈಗಲೂ ಮೈ ಉರಿಯುತ್ತದೆ.

ಹೊಳೆನರಸೀಪುರದ ಶಾರದಮ್ಮನವರು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅವರಿಗೆ ಎಪ್ಪತ್ತು ದಾಟಿದ ಮೇಲೆ ಸುತ್ತಲಿನ ಊರಿನವರಿಗೆ ಅವರ ನೆನಪಾಗಿ, ಉತ್ಸವಗಳಿಗೆ ಕರೆಯತೊಡಗಿದ್ದರು. ಹಾಸನದಲ್ಲಿ ರಸಾಯನಶಾಸ್ತ್ರ ಬೋಧಿಸುವ, ಸ್ವತಃ ಒಂದು ಸ್ವರವನ್ನೂ ನೆಟ್ಟಗೆ ಹಿಡಿಯಲಾಗದ ಗಾರ್ದಭಕಂಠನಾದ ನನಗೆ ಅವರ ಕಾಂಬೋಜಿ ರಾಗವೆಂದರೆ ಪ್ರಾಣ. ಕೆಳಗಿನ ಷಡ್ಜದಿಂದ ಹೊರಟು, ಒಂದೊಂದು ಸ್ವರದ ಬಳಿಯೂ ಕ್ಷೇಮಸಮಾಚಾರ ವಿಚಾರಿಸಿಕೊಂಡು, ಯಾವ ಅವಸರವೂ ಇಲ್ಲದೆ ಅವರು ಮೇಲಿನ ಷಡ್ಜದತ್ತ ಏರುತ್ತಾರೆ. ಅವರು ಅಲ್ಲಿಗೆ ಮುಟ್ಟುವುದನ್ನು ಒಮ್ಮೆ ಕೇಳಬೇಕೆಂಬುದೊಂದೇ ಈ ವರ್ಷ ನನಗಿದ್ದ ಆಸೆ.

ಮುಟ್ಟಲು ಬಿಟ್ಟರೆ ತಾನೆ? ರಾಮನವಮಿಗೆ ಅವರದೇ ಊರಿನಲ್ಲಿ, ಆಲಾಪನೆ ಅರ್ಧ ಏರಿದ್ದಾಗ ಮುಖ್ಯ ಅತಿಥಿಗಳು ದಯಮಾಡಿಸಿದರು. ಅವರಿಗೆ ಬೇರೆ ಕಾರ್ಯಕ್ರಮವಿದೆಯೆಂದು ಹಾಡು ನಿಲ್ಲಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. ಅತಿಥಿಗಳು ಸಂಗೀತದ ಮಹಿಮೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಒಂದು ಸ್ವರವನ್ನೂ ಕೇಳದೆ ಕಾರು ಹತ್ತಿದರು. ಹೊತ್ತಾಯಿತೆಂದು ಶಾರದಮ್ಮನವರು ಮಂಗಳ ಹಾಡಿ ಮುಗಿಸಿದರು. ಅರಕಲಗೂಡಿನಲ್ಲಿ ಶಾಮಿಯಾನ ಕೊಡಿಸಿದವರಿಗೆ ಸನ್ಮಾನ. ಮೃದಂಗದವರು ವಾದ್ಯದ ಮೇಲೆ ಕೈಯಿಟ್ಟುಕೊಂಡು ಕಾದದ್ದೇ ಕಾದದ್ದು. ಹಾಸನದ ಗಣೇಶೋತ್ಸವದಲ್ಲಂತೂ ಫೋಟೋ ಸರಿಯಾಗಿ ಬರಲಿಲ್ಲವೆಂದು ಹೊದಿಸಿದ ಶಾಲನ್ನು ತೆಗೆಸಿ ಮತ್ತೊಮ್ಮೆ ಹೊದಿಸಿದರು. ಇದೆಂಥ ಅನಾಗರಿಕತೆ! ನಮ್ಮವರ ಪಾಲಿಗೆ ಕಛೇರಿಯೆಂದರೆ ಎರಡು ಸನ್ಮಾನಗಳ ನಡುವೆ ಜನ ಎದ್ದುಹೋಗದಂತೆ ಮಾಡಿಕೊಂಡ ಏರ್ಪಾಡು. ಅಂದು ನಾನು ಹಲ್ಲು ಕಡಿದ ಸದ್ದು ಪಕ್ಕದ ಕುರ್ಚಿಯವರಿಗೂ ಕೇಳಿಸಿರಬೇಕು.

ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ಶಾರದಮ್ಮನವರ ಮುಂದೆ ನನ್ನ ಕೋಪವನ್ನೆಲ್ಲ ಕಾರಿಕೊಂಡೆ. ಅವರು ಬಿಸಿನೀರು ಗುಟುಕರಿಸುತ್ತ ಹೇಳಿದರು: "ಹೋಗ್ಲಿ ಬಿಡಿ ಮೇಷ್ಟ್ರೇ. ಮೇಲಿನ ಷಡ್ಜಕ್ಕೆ ಈಗೀಗ ಉಸ್ರು ಸಾಲ್ತಿಲ್ಲ. ಚನ್ರಾಯಪಟ್ಣದ್ದು ಒಂದು ಒಪ್ಕೊಂಡಿದೀನಿ, ಅದೇ ಕೊನೇದು. ಅಲ್ಲಿ ಒಂದ್ಸಲ ಕಾಂಬೋಜಿ ಪೂರ್ತಿ ಹಾಡಿ ಎದ್ಬಿಡ್ತೀನಿ."

ಮರುವಾರವೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲಿನ ಉತ್ಸವ ಸಮಿತಿಯ ಕಾರ್ಯದರ್ಶಿ ರುದ್ರಪ್ಪನವರು ತೆಂಗಿನಕಾಯಿ ವ್ಯಾಪಾರಿ. ಅವರ ಮಂಡಿಯಲ್ಲಿ, ಕೊಬ್ಬರಿ ಚೀಲಗಳ ನಡುವೆ ನಿಂತು, ಹಾಡುವವರನ್ನು ನಡುವೆ ತಡೆಯುವುದು ಊಟಕ್ಕೆ ಕುಳಿತವರನ್ನು ಎಲೆಯ ಮುಂದಿನಿಂದ ಎಬ್ಬಿಸಿದಂತೆ ಎಂದು ಗಂಟಲು ಹರಿಯುವಂತೆ ಉಪನ್ಯಾಸ ಕೊಟ್ಟೆ. ಆ ಪುಣ್ಯಾತ್ಮರು ತಾಳ್ಮೆಯಿಂದ ಕೇಳಿ, "ಆಯ್ತು ಬುಡಿ ಸಾ. ಈ ಸಲ ಒಬ್ಬ ಗೆಸ್ಟೂ ಬರಾಕಿಲ್ಲ. ಮಂತ್ರಿ ಬಂದ್ರೂ ಅಮ್ಮೋರ ಆಡು ನಿಲ್ಸಾಕಿಲ್ಲ ಕಣ್ ಸಾ" ಎಂದರು. ಬೀಳ್ಕೊಡುವಾಗ ನನ್ನ ಪೂರ್ತಿ ಹೆಸರು, ಹುದ್ದೆ, ಪದವಿಗಳನ್ನು ಚೀಟಿಯಲ್ಲಿ ಬರೆದುಕೊಂಡರು. ನನ್ನ ಮಾತು ನಾಟಿದೆಯೆಂದು ಹಿಗ್ಗಿ ಹೀರೇಕಾಯಾದೆ.

ಕಾರ್ತೀಕದ ಆ ಸಂಜೆ ಮುಂದಿನ ಸಾಲಿನಲ್ಲಿ ನಿಜಕ್ಕೂ ಯಾವ ಅತಿಥಿಯೂ ಇರಲಿಲ್ಲ. ಶಾರದಮ್ಮನವರು ಕಾಂಬೋಜಿಗೆ ತೊಡಗಿದರು. ಪಂಚಮ ದಾಟಿತು, ಧೈವತದ ಮೇಲೆ ನಿಂತು ಉಸಿರು ಕೂಡಿಸಿಕೊಂಡರು. ಇನ್ನೇನು ಎಂದು ನಾನು ಕಣ್ಣು ಮುಚ್ಚಿದ್ದೇನೆ, ಇನ್ನೊಂದು ಮೈಕು ಕಿರ್ರೆಂದಿತು.

"ಅಮ್ಮೋರೆ, ಒಂದ್ನಿಮಿಷ," ರುದ್ರಪ್ಪನವರ ದನಿ. "ಸಂಗೀತಕ್ಕೋಸ್ಕರ ಬಸ್ ಅತ್ಕೊಂಡ್ ಬಂದು ಜಗಳ ಆಡಿದ್ರಲ್ಲ ಆಸನದ ಪ್ರೊಫೆಸರ್ ಸಾಹೇಬ್ರು, ಇಂತಾ ರಸಿಕ್ರು ಎಲ್ಲವ್ರೆ? ಅವ್ರಿಗೊಂದ್ ಶಾಲು ಒದಿಸ್ದೆ ಕಳ್ಸಿದ್ರೆ ನಮ್ಮೂರ್ ಮರ್ಯಾದೆ ಏನಾಯ್ತದೆ?"

ಬೇಡವೆಂದು ಕೂಗಬೇಕಿತ್ತು. ಎದ್ದು ಹೊರಗೆ ನಡೆಯಬೇಕಿತ್ತು. ನಾನು ಮಾಡಿದ್ದೇನೆಂದರೆ, ಅಂಗಿಯ ಸುಕ್ಕು ಸರಿಪಡಿಸಿಕೊಂಡು ಮೆಟ್ಟಿಲು ಹತ್ತಿದ್ದು. ಪೇಟಕ್ಕೆ ತಲೆ ಬಗ್ಗಿಸಿದೆ. ಫೋಟೋಗೆ ನಕ್ಕೆ. ಎರಡು ಮಾತಾಡಿ ಎಂದರೆ ಇಪ್ಪತ್ತು ನಿಮಿಷ ಮಾತಾಡಿದೆ. ಗಾಯನವನ್ನು ನಡುವೆ ನಿಲ್ಲಿಸುವ ದುಷ್ಟ ಸಂಪ್ರದಾಯವನ್ನು ಉಗ್ರವಾಗಿ ಖಂಡಿಸಿದೆ. ಭಾರೀ ಚಪ್ಪಾಳೆ ಬಿತ್ತು. ಅಲ್ಲಿಯವರೆಗೆ ಊರೂರಿನ ಸಮಿತಿಗಳಿಗೆ ನಾನು ಹಂಚಿದ ಬೈಗುಳಗಳೆಲ್ಲ ನನಗೇ ಸಲ್ಲಬೇಕೆಂದು ಆಗ ಹೊಳೆಯಲೂ ಇಲ್ಲ, ನಾನಷ್ಟು ಸುಖವಾಗಿದ್ದೆ.

ಶಾಲು ಹೊದ್ದುಕೊಂಡೇ ಬಂದು ಕುಳಿತೆ. ಶಾರದಮ್ಮನವರು ಗಂಟಲು ಸರಿಮಾಡಿಕೊಂಡು ಶ್ರುತಿಪೆಟ್ಟಿಗೆಗೆ ಕಿವಿಗೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಅಪ್ಪಟ ನಂಬಿಕೆಯಿಂದ ಕೇಳಿದರು:

"ಎಲ್ಲಿಗೆ ನಿಲ್ಸಿದ್ದೆ ಅನ್ನೋದೇ ಮರ್ತೋಯ್ತು. ನೀವು ಕೇಳ್ತಿದ್ರಲ್ಲ ಮೇಷ್ಟ್ರೇ, ಎಲ್ಲಿದ್ದೆ ಹೇಳಿ?"

ಇಡೀ ಸಭೆ ನನ್ನತ್ತ ತಿರುಗಿತು. ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಕಿವಿಯಲ್ಲಿ ಇದ್ದದ್ದು ಬರೀ ಚಪ್ಪಾಳೆ.

ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಮಂಗಳ ಹಾಡಿದರು.