ಚಿಂದಿ ಕಟ್ಟಿದ ಗಿಡಗಳು

ಹಗ್ಗ ಹೊಸೆಯುವ ಶೆಡ್ಡಿನ ಹೆಂಗಸರು ನಮ್ಮತ್ತೆಗೆ ಇಟ್ಟ ಹೆಸರು ‘ತಡಿಯತ್ತೆ’. ಕುಡುಗೋಲು ಹಿಡಿದು ಗುಡ್ಡಕ್ಕೆ ಹೊರಟವರನ್ನೆಲ್ಲ “ತಡೀರೇ, ಇನ್ನೂ ಹೂ ಬಿಟ್ಟಿಲ್ಲ” ಎಂದು ನಿಲ್ಲಿಸುತ್ತಿದ್ದಳು. ಅಪ್ಪನ ಅಕ್ಕ. ಮದುವೆ ಗಿದುವೆ ಎನ್ನದೆ ನನ್ನನ್ನು ಸಾಕಿದವಳು.

ಗುಡ್ಡದ ನಾರುಗಿಡ ಯಾರೂ ಬಿತ್ತಿದ್ದಲ್ಲ. ಅದರ ಆಯಸ್ಸು ಒಂದೇ ವರ್ಷ. ಹೂವಿದ್ದಾಗ ಕೊಯ್ದರೆ ನಾರು ಬಿಳುಪು, ಮೆತ್ತಗೆ. ಕಾಯಿ ಒಣಗುವ ತನಕ ಬಿಟ್ಟರೆ ಬೀಜ ಗಟ್ಟಿ, ನಾರು ಮಾತ್ರ ಒರಟು. ಒಂದೇ ಗಿಡದಿಂದ ಎರಡೂ ಸಿಗುವುದಿಲ್ಲ. ಅದಕ್ಕೇ ಅತ್ತೆ ಪ್ರತಿವರ್ಷ ಮೇಲಿನ ಸಾಲಿನ ಗಿಡಗಳಿಗೆ ಚಿಂದಿ ಕಟ್ಟಿ ಬರುತ್ತಿದ್ದಳು. ಚಿಂದಿ ಕಂಡರೆ ಯಾರೂ ಕೈ ಹಾಕುತ್ತಿರಲಿಲ್ಲ. ಆ ಬೀಜ ಉದುರಿದರೇ ಮುಂದಿನ ವರ್ಷ ಎಲ್ಲರಿಗೂ ನಾರು.

ಅವಳು ಸೊಂಟ ಮುರಿದುಕೊಂಡ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಮಲಗಿದಲ್ಲೇ ಇದ್ದವಳಿಗೆ ಮಂಚದ ಒರಟು ಹಗ್ಗ ಬೆನ್ನು ಕೊರೆದು ಹುಣ್ಣಾಗಿತ್ತು. ಮೆತ್ತನೆಯ ಹಗ್ಗ ಹೊಸೆದು ಮಂಚ ಹೆಣೆಯಬೇಕು ಎಂದುಕೊಂಡೆ. ಮೇಲಿನ ಸಾಲಿನ ನಾರು ಎಲ್ಲಕ್ಕಿಂತ ನಯ. ಚಿಂದಿ ಕಟ್ಟಲು ಹೋದವಳು ಪೂರ್ತಿ ಸಾಲನ್ನೇ ಕೊಯ್ದು ತಂದೆ. ಆಗಷ್ಟೇ ಎಳೆಗಾಯಿ ಕಚ್ಚಿತ್ತು. ನೆರಳಲ್ಲಿ ಒಣಗಿಸಿದರೆ ಬೀಜ ತಾನೇ ಬಲಿಯುತ್ತದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಹೊಸದಾಗಿ ಹೆಣೆದ ಮಂಚದ ಮೇಲೆ ಮಲಗಿ ಅತ್ತೆ, “ಹಾಯಾಗಿದೆ ಕಣೇ” ಎಂದಳು. ಆಮೇಲೆ ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿದಳು.

“ಇದು ಮೇಲಿನ ಸಾಲಿಂದಲ್ವಾ?”

“ಅಲ್ಲ ಅತ್ತೆ.”

“ಬೀಜ ತೋರ್ಸು.”

ತಂದುಕೊಟ್ಟೆ. ಒಂದನ್ನು ಹಲ್ಲಿಗಿಟ್ಟು ಕಚ್ಚಿದಳು. ಬರೀ ಜೊಳ್ಳು. ಗೋಡೆ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಮಳೆ ಬಿದ್ದರೂ ಗುಡ್ಡ ಬೋಳಾಗಿಯೇ ಇತ್ತು. ಶೆಡ್ಡಿನ ಹೆಂಗಸರೆಲ್ಲ ಬಂದು ಮಂಚದ ಸುತ್ತ ನಿಂತರು.

“ಬೀಜದ ಗಿಡ ಕೊಯ್ದಿದ್ಯಾರು?” ಎಂದು ಮೇಸ್ತ್ರಿ ಹೆಂಗಸು ನನ್ನನ್ನೇ ನೋಡಿದಳು.



“ನಾನೇ ಹೇಳಿ ಕೊಯ್ಸಿದ್ದು. ಅವಳನ್ಯಾಕೆ ಕೇಳ್ತೀರಾ? ನೋವಲ್ಲಿ ನನಗೆ ಬುದ್ಧಿ ಕೆಟ್ಟಿತ್ತು” ಎಂದಳು ಅತ್ತೆ.

ಅವರು ಹೊರಟುಹೋದರು. ಮೊದಲೆಲ್ಲ ದಿನಾ ಒಬ್ಬರಾದರೂ ಬಂದು ಕೂತು ಹರಟುತ್ತಿದ್ದರು. ಅವತ್ತಿನಿಂದ ಯಾರೂ ಹೊಸ್ತಿಲು ತುಳಿಯಲಿಲ್ಲ. ರಸ್ತೆಯಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಅತ್ತೆ ಕತ್ತೆತ್ತಿ, “ಯಾರಾದ್ರೂ ಬಂದ್ರೇನೇ?” ಎನ್ನುತ್ತಿದ್ದಳು.

“ಇಲ್ಲ ಅತ್ತೆ.”

ಹೀಗೇ ಎರಡು ವರ್ಷ ಕೇಳಿದಳು. ಶೆಡ್ಡು ನಮ್ಮ ಮನೆಯಿಂದ ಆರು ಬಾಗಿಲಾಚೆ. ಹೋಗಿ ‘ಕೊಯ್ದವಳು ನಾನೇ’ ಎಂದು ಒಂದು ಮಾತು ಹೇಳಿದ್ದರೆ ಅವರು ಬರುತ್ತಿದ್ದರು. ನಾನು ಹೋಗಲಿಲ್ಲ.