ಮೂಡು ಬಾಗಿಲಿನ ಪೆಟ್ಟಿಗೆ

ಮೇಲಿನ ಫ್ಲ್ಯಾಟಿನಲ್ಲಿ ಎರಡು ದಿನದಿಂದ ಬಡಗಿ ಕೆಲಸ ನಡೆಯುತ್ತಿದೆ. ಕೊಯ್ದ ಪ್ಲೈವುಡ್ಡಿನ ವಾಸನೆ ಗಲ್ಫಿನ ಈ ಅಲ್ ನಹ್ದಾದ ನಮ್ಮ ಮನೆಯೊಳಕ್ಕೂ ಇಳಿದಿದೆ. ಈ ವಾಸನೆಯಿಂದ ನಿಮಗೆ ಹೊಸ ಕಪಾಟೋ ಮಂಚವೋ ನೆನಪಾಗಬಹುದು. ನನಗೆ ನೆನಪಾಗುವುದು ಒಂಬತ್ತು ಅಡಿ ಉದ್ದದ ಒಂದು ಹೆಬ್ಬಾವು.

ಹತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಾನೂ ನನ್ನ ಹೆಂಡತಿ ಶಶಿಯೂ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿದ್ದೆವು. ಎದುರು ಮನೆಯ ವಲೇರಿಯನ್ ಕಿನ್ನಿಗೋಳಿ ಕಡೆಯವರು. ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಹೆಂಡತಿ ಮಕ್ಕಳು ಊರಲ್ಲಿ. ಅವರ ಹೋಟೆಲಿನ ಬಿಳಿ ಶೆಫ್ ಒಬ್ಬ ಕೆಲಸ ಬಿಟ್ಟು ಹೋಗುವಾಗ ತಾನು ಸಾಕಿದ್ದ ಹಾವನ್ನು ಇವರಿಗೆ ಒಪ್ಪಿಸಿ ವಿಮಾನ ಹತ್ತಿದ್ದ. ಸೋಫಾ, ಫ್ರಿಜ್ಜು ಬಿಟ್ಟು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಹಾವು ಬಿಟ್ಟು ಹೋದವನು ಇವನೊಬ್ಬನೇ. ಹಾವಿನ ಹೆಸರು ಜೂಲಿ. ಮೀನಿನ ಗಾಜಿನ ತೊಟ್ಟಿಯೊಂದರಲ್ಲಿ, ಮುಚ್ಚಳದ ಮೇಲೆ ಅಕ್ಕಿಮೂಟೆ ಹೇರಿಸಿಕೊಂಡು ಮುದುಡಿ ಬಿದ್ದಿರುತ್ತಿತ್ತು.

"ಒಂದು ಮರದ ಪೆಟ್ಟಿಗೆ ಮಾಡಿ ಕೊಡಿ ಮಾರಾಯ್ರೆ. ಪಾಪ, ಅದಕ್ಕೆ ತಿರುಗ್ಲಿಕ್ಕೂ ಜಾಗ ಇಲ್ಲ," ಎಂದರು ವಲೇರಿಯನ್.

ನಾನು ಕಿಚನ್ ಕ್ಯಾಬಿನೆಟ್ ಮಾಡುವ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಗೆರೆ ಎಳೆಯುವವನೇ ಹೊರತು ಗರಗಸ ಹಿಡಿದವನಲ್ಲ. ಅವರಿಗೆ ಎರಡೂ ಒಂದೇ. ಹಾವೆಂದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಹೆಂಡತಿ ಒಪ್ಪುವುದಿಲ್ಲ ಎಂದು ಹೇಳಿ ಪಾರಾಗುವ ಎಂದುಕೊಂಡು ಮನೆಗೆ ಬಂದೆ.

ಶಶಿ ಒಪ್ಪಿಬಿಟ್ಟಳು. ಅದಕ್ಕೆ ಕಾರಣವಿತ್ತು. ಎರಡು ಸಲ ಮೂರನೇ ತಿಂಗಳಲ್ಲಿ ಅವಳ ಬಸಿರು ಇಳಿದಿತ್ತು. ಊರಿನ ಜೋಯಿಸರು ಕವಡೆ ಹಾಕಿ, ನಮ್ಮ ಹಿರಿಯರು ಯಾರೋ ಹಾವು ಕೊಂದ ದೋಷ ಎಂದಿದ್ದರು. ರಜೆಯಲ್ಲಿ ಹೋದಾಗ ನಾಗನಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸಿದ್ದೂ ಆಗಿತ್ತು.

"ಯಾರೋ ಒಂದನ್ನು ಕೊಂದದ್ದಕ್ಕೆ ನಾವು ಒಂದಕ್ಕೆ ಮನೆ ಕಟ್ಟಿ ಕೊಡುವ," ಎಂದಳು. "ಬಾಗಿಲು ಮಾತ್ರ ಮೂಡಕ್ಕೆ ಇಡಿ. ನಮ್ಮ ನಾಗನ ಕಲ್ಲು ಇರುದು ಹಾಗೇ ಅಲ್ವಾ?"

ಹೆಬ್ಬಾವು ನಾಗನಾಗುತ್ತದೆಯೇ ಎಂದು ನಾನು ಕೇಳಲಿಲ್ಲ. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಉತ್ಸಾಹ ಕಂಡಿತ್ತು.

ವರ್ಕ್‌ಶಾಪಿನಲ್ಲಿ ಉಳಿದ ಪ್ಲೈವುಡ್ಡನ್ನು ಕೇಳಿ ಪಡೆದು ಅಳತೆಗೆ ಕೊಯ್ಸಿ ತಂದೆ. ಮೂರು ಶುಕ್ರವಾರ ವಲೇರಿಯನ್ನರ ಮನೆಯಲ್ಲಿ ಕೂತು ಜೋಡಿಸಿದೆವು. ಆರಡಿ ಉದ್ದ, ಮುಂದೆ ಸರಿಸುವ ಗಾಜು, ಅದಕ್ಕೆ ಶೋಕೇಸಿನ ಬೀಗ, ಒಳಗೆ ಬಲೆ ಹೊದಿಸಿದ ಬಲ್ಬು. ಗಾಳಿಗೆಂದು ವಲೇರಿಯನ್ ಇಪ್ಪತ್ತು ತೂತು ಕೇಳಿದರು. ಹಾವು ಹೊರಬಂದೀತೆಂಬ ಭಯಕ್ಕೆ ನಾನು ಕೊರೆದದ್ದು ಆರೇ, ಅದೂ ಕಿರುಬೆರಳು ತೂರುವಷ್ಟು. ಮುಗಿದಾಗ ಅದು ಯಾವುದೋ ವಿಲ್ಲಾದ ಅಡುಗೆಮನೆಯಿಂದ ಕಿತ್ತು ತಂದ ಕಪಾಟಿನ ಹಾಗಿತ್ತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುತ್ತಾರಲ್ಲ, ಆ ಗೆದ್ದಲು ನಾನೇ. ಮೂಡಕ್ಕೆ ಬಾಗಿಲೆಂದರೆ ಬಾಲ್ಕನಿಯ ಗಾಜಿಗೇ ಮುಖ. "ನಿಮಗೆ ಸಮಾಧಾನ ಆಗುದಾದ್ರೆ ಇರ್ಲಿ," ಎಂದು ವಲೇರಿಯನ್ ಬಾಲ್ಕನಿಗೊಂದು ದಪ್ಪ ಪರದೆ ಹಾಕಿಸಿಕೊಂಡರು.

ಜೂನಿನಲ್ಲಿ ಅವರು ಊರಿಗೆ ರಜೆ ಹೋದರು. ಕೀ ನಮ್ಮ ಕೈಗೆ ಬಂತು. ದಿನಾ ನೀರು ಬದಲಿಸುವುದು ಶಶಿಯ ಕೆಲಸ. ದೂರ ನಿಂತು ಧೈರ್ಯ ಹೇಳುವುದು ನನ್ನದು. ಒಂದು ಶುಕ್ರವಾರ ಬೆಳಿಗ್ಗೆ ಶಶಿ, "ಮೂಡಕ್ಕೆ ಬಾಗಿಲಿಟ್ಟು ಪರದೆ ಮುಚ್ಚಿದ್ರೆ ಎಂಥ ಬಂತು?" ಎಂದು ಪರದೆ ಸರಿಸಿದಳು. ನಾನೂ ಹೌದೆಂದೆ. ಬೀಗ ಹಾಕಿ ಬಂದೆವು.

ಅಲ್ಲೇ ಮರೆತ ಮೊಬೈಲು ತರಲು ಹತ್ತು ಗಂಟೆಗೆ ಮತ್ತೆ ಹೋದೆವು. ಬಿಸಿಲು ನೇರ ಪೆಟ್ಟಿಗೆಯೊಳಗಿತ್ತು. ಗಾಜು ಸುಡುತ್ತಿತ್ತು. ಜೂಲಿ ಬಾಯಿ ತೆರೆದು, ನಾನು ಕೊರೆದ ಸಣ್ಣ ತೂತೊಂದಕ್ಕೆ ಮೂತಿ ಒತ್ತಿ ಬಿದ್ದಿತ್ತು. ನಾನು ನಿಂತಲ್ಲೇ ನಿಂತೆ. ಶಶಿ ಗಾಜು ಸರಿಸಿ, ಅದುವರೆಗೆ ಒಮ್ಮೆಯೂ ಮುಟ್ಟದ ಹಾವನ್ನು ಎರಡೂ ಕೈಯಲ್ಲಿ ಎತ್ತಿದಳು. "ಬಾಲ ಹಿಡೀರಿ," ಎಂದಳು. ಹಿಡಿದೆ.

ಬಾತ್‌ಟಬ್ಬಿಗೆ ಇಳಿಸಿದೆವು. ಬೇಸಿಗೆಯಲ್ಲಿ ಇಲ್ಲಿಯ ತಣ್ಣೀರಿನ ನಲ್ಲಿಯಲ್ಲಿ ಬರುವುದು ಮಾಳಿಗೆಯ ಟ್ಯಾಂಕಿಯಲ್ಲಿ ಕಾದ ನೀರು. ಮನೆಯೊಳಗೆ ಸ್ವಿಚ್ ಆರಿಸಿಟ್ಟ ಗೀಸರಿನಲ್ಲಿ ನಿಂತ ನೀರೇ ತಣ್ಣಗೆ. ಆ ಗಾಬರಿಯಲ್ಲೂ ಶಶಿಗೆ ಅದು ನೆನಪಿತ್ತು. ಜೂಲಿಯ ತಲೆಯನ್ನು ನೀರಿನಿಂದ ಎತ್ತಿ ಹಿಡಿದು ಅವಳು ಕೂತೇ ಇದ್ದಳು. ತುಂಬ ಹೊತ್ತಿನ ಮೇಲೆ ಅದು ಬಾಯಿ ಮುಚ್ಚಿತು. ಮತ್ತೆ ನಾಲಗೆ ಹೊರಗೆ ಬಂತು. ಆಗ ಶಶಿ ಅತ್ತಳು. ಎರಡು ಸಲ ಆಸ್ಪತ್ರೆಯಿಂದ ಬಂದಾಗಲೂ ಅವಳು ನನ್ನೆದುರು ಅತ್ತಿರಲಿಲ್ಲ.

"ದೋಷ ಕಳೀಲಿಕ್ಕೆ ಹೋಗಿ ಒಂದು ಜೀವ ತೆಗೀತಿದ್ದೆವು," ಎಂದಳು. "ನನಗೆ ಇನ್ನು ಬಲಿಯೂ ಬೇಡ, ಜೋಯಿಸರೂ ಬೇಡ. ಅತ್ತೆಯ ಹತ್ರ ನೀವೇ ಹೇಳಿ."

"ಹೇಳ್ತೇನೆ," ಎಂದೆ.

ವಲೇರಿಯನ್ ಬಂದ ದಿನವೇ ಎಲ್ಲ ಹೇಳಿದೆವು. ಅವರು ಜೂಲಿಯನ್ನು ತಲೆಯಿಂದ ಬಾಲದವರೆಗೆ ಸವರಿ ನೋಡಿದರು. ಆಮೇಲೆ "ಆ ತುದಿ ಹಿಡೀರಿ," ಎಂದರು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಒಳಗೋಡೆಯ ಬಳಿಗೆ ಸಾಗಿಸಿದೆವು. ಉಳಿದ ಹದಿನಾಲ್ಕು ತೂತುಗಳನ್ನೂ ಅವತ್ತೇ ಕೊರೆದೆ. ಮುಂದೆ ಇಂಥ ಪ್ರಾಣಿಗಳನ್ನು ಮನೆಯಲ್ಲಿಡಬಾರದೆಂದು ಕಾನೂನು ಬಂದಾಗ ಅವರು ಜೂಲಿಯನ್ನು ಮೃಗಾಲಯಕ್ಕೆ ಒಪ್ಪಿಸಿದರು. "ಖಲಾಸ್, ತಲೆನೋವು ಹೋಯ್ತು," ಎಂದರು. ಆದರೆ ರಾತ್ರಿ ಊಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದವರು ಒಂದು ವಾರ ಬರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಅಮ್ಮನಿಗೆ ನಾನು ಹೇಳಲೂ ಇಲ್ಲ. ಅಮ್ಮ ವರ್ಷಕ್ಕೊಮ್ಮೆ ಹೊಸ ಜೋಯಿಸರೊಬ್ಬರ ಹೆಸರು ತೆಗೆಯುತ್ತಿದ್ದರು. ರಜೆ ಸಿಗುವುದಿಲ್ಲ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಆಮೇಲೆ ಅದೇ ಮಾತನ್ನು ಅವರು ಶಶಿಗೆ ಹೇಳುತ್ತಿದ್ದರು. ಅವಳು "ಆಯ್ತು ಅತ್ತೆ," ಎಂದು ಫೋನಿಡುತ್ತಿದ್ದಳು.

ಇಷ್ಟನ್ನೆಲ್ಲ ನಿಮ್ಮ ಹತ್ತಿರ ಹೇಳಿಕೊಂಡ ಮೇಲೆ ಇವತ್ತು ಊರಿಗೆ ಫೋನು ಮಾಡಿದೆ. "ಅಮ್ಮ, ಪೂಜೆ, ಬಲಿ ಇನ್ನು ಬೇಡ. ನಮಗೆ ಮಕ್ಕಳಾಗ್ಲಿಲ್ಲ, ಅಷ್ಟೇ. ಶಶಿಯ ಹತ್ರ ಈ ಮಾತು ತೆಗೀಬೇಡಿ."

"ಇದನ್ನು ಮೊದ್ಲೇ ಹೇಳ್ಬಹುದಿತ್ತಲ್ಲ ಮಗಾ," ಎಂದರು ಅಮ್ಮ. "ನಾನೇನು ಒಪ್ಪುದಿಲ್ಲ ಅಂತಿದ್ನಾ? ಇಷ್ಟು ವರ್ಷ ಆ ಹುಡುಗಿ ಸುಮ್ನೆ ಕೇಳಿಸ್ಕೊಂಡಿತಲ್ಲ."

ಫೋನಿನ ಮಾತು ಕೇಳಿ ಶಶಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.