ಸಿಪಾಯಿಯ ಎಲೆ

ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಸತ್ತವರಿಗೆ ಬಾಳೆಲೆಯಲ್ಲಿ ಬಡಿಸಿ ಬಾಗಿಲು ಮುಚ್ಚುತ್ತಾರೆ. ಅವರು ಉಂಡು ಮುಗಿಸುವ ತನಕ ಬದುಕಿದ್ದವರು ಹೊರಗೆ ಹಸಿದು ಕೂರಬೇಕು. ಮೊದಲ ಎಲೆ ಅಮ್ಮನ ಮುತ್ತಜ್ಜಿಯ ಅಣ್ಣನಿಗೆ. ಬ್ರಿಟಿಷರ ಪಲ್ಟಣದಲ್ಲಿ ಸಿಪಾಯಿಯಾಗಿದ್ದ ಅವರು ಮೇಲಧಿಕಾರಿಗೆ ಹೊಡೆದು ಕರಿನೀರಿನ ಶಿಕ್ಷೆಗೆ ಅಂಡಮಾನಿಗೆ ಹೋದವರು. ಸಂಕೋಲೆಯಲ್ಲೇ ಸತ್ತರೆಂದು ಎಲ್ಲರೂ ನಂಬಿದ್ದರು.

ದೋಹಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸ್ಟೋರ್‌ಕೀಪರ್ ಪೋರ್ಟ್ ಬ್ಲೇರಿನವನು, ಅಂಥ ಕೈದಿಗಳ ವಂಶದವನೇ. ಅವನು ರಜೆಗೆ ಹೊರಟಾಗ ನಮ್ಮ ಮನೆತನದ ಹೆಸರು ಹೇಳಿ, ಯಾರಿಗಾದರೂ ಗೊತ್ತೇ ವಿಚಾರಿಸು ಎಂದಿದ್ದೆ. ತಿರುಗಿ ಬಂದವನು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ, "ಮಿಲ್ ಗಯಾ ಭಾಯಿ", ಸಿಕ್ಕಿತು ಎಂದ. ಅವನ ಅತ್ತೆಯ ನೆರೆಮನೆಯವರು ಅರ್ಥ ತಿಳಿಯದೆ ಇಂದಿಗೂ ಆ ಹೆಸರನ್ನು ತಮ್ಮ ಮನೆಹೆಸರಾಗಿ ಹೇಳಿಕೊಳ್ಳುತ್ತಾರಂತೆ. ಅವರ ಮುತ್ತಜ್ಜನಾಗಿದ್ದ ನಮ್ಮ ಸಿಪಾಯಿ ಶಿಕ್ಷೆ ಮುಗಿಸಿ, ಜಮೀನು ಪಡೆದು, ಅಲ್ಲೇ ಮದುವೆಯಾಗಿ, ಮೊಮ್ಮಕ್ಕಳನ್ನು ಆಡಿಸಿ ಸತ್ತಿದ್ದರು. ನನಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಲೋಟ ತೊಳೆದಿಟ್ಟು ಕೆಲಸಕ್ಕೆ ಕೂತೆ.

ಶುಕ್ರವಾರ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನನ್ನ ರೂಮಿನಿಂದ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬಿಟ್ಟ ಮೇಲೆ ಅಜ್ಜನಿಗೆ ಊರಿಗೆ ಬರ್ಲಿಕ್ಕೆ ಆಗ್ತಿತ್ತಾ?" ಎಂದು ಕೇಳಿದಳು.

"ಆಗ್ತಿತ್ತಂತೆ. ಬರ್ಲಿಲ್ಲ."

"ಹಾಗಾದ್ರೆ ಇನ್ನು ಅವನಿಗೆ ಎಲೆ ಇಡುದು ಬೇಡ" ಎಂದಳು. "ನಿಂಗೆ ರಜೆ ಸಿಕ್ತಾ?"

"ನೋಡ್ಬೇಕು" ಎಂದೆ.

ರಜೆ ಮಂಜೂರಾಗಿ ತಿಂಗಳು ಕಳೆದಿತ್ತು. ನಾನು ಟಿಕೆಟ್ ತೆಗೆದಿರಲಿಲ್ಲ.